ಹುಣಸೆಯ ಬುಡಕ್ಕೆ ನಾವಿಟ್ಟ ಬೆಂಕಿ

ರಸ್ತೆ ಗ್ಯಾಂಗಿಗೆ ಹೊಸದಾಗಿ ಸೇರುವ ಹುಡುಗರಿಗೆ ಈಗ ಹೊಳೆಯುವ ಜಾಕೀಟು ಕೊಡುತ್ತಾರೆ, ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಕೊಡುತ್ತಾರೆ. ಕೆಲಸ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಎರಡನೆಯ ದಿನಕ್ಕೇ ಬೈಗುಳ ಶುರು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಹೇಳಿದ್ದರಲ್ಲಿ ತಪ್ಪಿದೆ ಅನಿಸಿದರೆ ಮನೆಗೇ ಬಂದು ಕೇಳಿ. ಮೋರಖಂಡಿಯಲ್ಲಿ ಶರಣಪ್ಪ ಮುಕಾದಮನ ಮನೆ ಎಂದರೆ ಸಣ್ಣ ಮಕ್ಕಳೂ ತೋರಿಸುತ್ತವೆ.

ಮುಕಾದಮ ಎಂದರೆ ಗ್ಯಾಂಗಿನ ಮುಂದಾಳು. ಮೇಲಿನವರ ಬೈಗುಳ ಮೊದಲು ಅವನಿಗೆ, ಕೆಳಗಿನವರ ಬೈಗುಳವೂ ಮೊದಲು ಅವನಿಗೇ. ಹದಿನೇಳು ವರ್ಷ ಆ ಕೆಲಸ ಮಾಡಿದೆ. ಅದಕ್ಕೂ ಮೊದಲು ಹುಮನಾಬಾದ್ ಕಡೆಯ ರಸ್ತೆಗಳಲ್ಲಿ ಬರೀ ಗ್ಯಾಂಗ್‌ಮನ್ ಆಗಿದ್ದೆ. ಡಾಂಬರು ಆಗ ಪೀಪಾಯಿಯಲ್ಲಿ ಬರುತ್ತಿತ್ತು. ರಸ್ತೆ ಬದಿಯಲ್ಲೇ ಒಲೆ ಹೂಡಿ ಕಾಯಿಸಿ, ತೂತು ಬಿದ್ದ ಡಬ್ಬಿಯಿಂದ ಸುರಿದುಕೊಂಡು ಹಿಮ್ಮುಖವಾಗಿ ನಡೆಯಬೇಕಿತ್ತು. ನನ್ನ ಎಡಗಾಲಿನ ಮೇಲೆ ಇವತ್ತಿಗೂ ಅದರ ಕಲೆಯಿದೆ. ಈಗ ಲಾರಿಯಲ್ಲಿ ಕಲಸಿದ ಮಾಲೇ ಬರುತ್ತದೆ, ಯಂತ್ರ ಹಾಸುತ್ತದೆ. ಒಳ್ಳೆಯದೇ ಆಯಿತು. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ.

ಹುಮನಾಬಾದಿನಲ್ಲಿ ನನಗೆ ಮೊದಲು ಸಿಕ್ಕ ಇಂಜಿನಿಯರ್ ಸಾಹೇಬರು ಒಳ್ಳೆಯವರು. ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಮೋರಿಯ ಮುಂದೆಯೂ ತಾವೇ ಮಂಡಿಯೂರಿ ಕುಳಿತು ಪೈಪಿನೊಳಗೆ ತೋಳು ತೂರಿಸಿ ಹೂಳು ನೋಡುತ್ತಿದ್ದರು. "ಕಣ್ಣು ಸುಳ್ಳು ಹೇಳ್ತದ ಶರಣಪ್ಪ, ಕೈ ಹೇಳೂದಿಲ್ಲ" ಅನ್ನುತ್ತಿದ್ದರು. ನಾನು ಮುಕಾದಮನಾದ ಮೇಲೂ ಹಾಗೇ ಮಾಡಿದೆ. ನನ್ನ ಮೈಲಿಗಳಲ್ಲಿ ಮೋರಿಯಲ್ಲಿ ಹೂಳು ಕಟ್ಟಿ ರಸ್ತೆ ಒಡೆದದ್ದು ಒಂದೂ ಇಲ್ಲ. ಇದು ಜಂಬವಾದರೆ ಜಂಬವೇ ಇರಲಿ. ಕೆಲಸ ಮಾಡಿ ಗಳಿಸಿದ ಜಂಬ.

ಆದರೆ ಇಲ್ಲಿ ಬರೆಯಬೇಕಾದದ್ದು ನನ್ನ ಇನ್ನೊಂದು ಜಂಬದ ವಿಷಯ.

ನಮ್ಮ ಕೆಲಸದಲ್ಲಿ ಜಂಗಲ್ ಕಟಿಂಗ್ ಎಂದು ಒಂದಿದೆ. ಹೆಸರು ಕೇಳಿ ಅಡವಿ ಕಡಿಯುವುದು ಅಂದುಕೊಳ್ಳಬೇಡಿ. ರಸ್ತೆಯ ಎರಡೂ ಅಂಚಿನ ಹುಲ್ಲು, ಮುಳ್ಳುಕಂಟಿ, ಬಳ್ಳಿ ಸವರುವುದು. ತಿರುವಿನಲ್ಲಿ ಎದುರಿನ ಗಾಡಿ ಕಾಣಬೇಕಲ್ಲ, ಅದಕ್ಕೆ. ನಾವು ಅದನ್ನು ಮಾರ್ಚಿನಲ್ಲಿ ಮಾಡುತ್ತಿದ್ದೆವು. ಹುಲ್ಲು ಪೂರ್ತಿ ಒಣಗಿರುತ್ತದೆ, ಕುಡುಗೋಲು ಆಡಿಸುವ ಕಷ್ಟವೂ ಕಡಿಮೆ. ಸ್ವಲ್ಪ ಸವರಿ, ಗುಡ್ಡೆ ಮಾಡಿ, ಕಡ್ಡಿ ಗೀರಿದರೆ ಮುಗಿಯಿತು.

ನಾನು ಮುಕಾದಮನಾದ ಮೊದಲ ವರ್ಷ ಮುಡಬಿಗೆ ಹೋಗುವ ರಸ್ತೆಯಲ್ಲಿ ಹೀಗೆ ಹಚ್ಚಿದ ಬೆಂಕಿ ಗಾಳಿಗೆ ಹಾರಿ ಒಬ್ಬ ರೈತನ ಜೋಳದ ಕಣಿಕೆಯ ಬಣವೆಗೆ ಬಿತ್ತು. ವರ್ಷದ ಮೇವು ಕಣ್ಣೆದುರೇ ಹೋಯಿತು. ಮನೆಮಂದಿಯೆಲ್ಲ ಬಡಿಗೆ ಹಿಡಿದು ಬಂದರು. ನಾಲ್ಕು ಏಟು ನನಗೂ ಬಿದ್ದವು. ಬೀಳಬೇಕಾದವೇ. ಆ ರಾತ್ರಿಯೆಲ್ಲ ಯೋಚನೆ ಮಾಡಿ ಒಂದು ಉಪಾಯ ಕಂಡುಹಿಡಿದೆ. ಆ ರಸ್ತೆಗೆ ಉದ್ದಕ್ಕೂ ಹುಣಸೆಯ ಸಾಲಿದೆ. ನನ್ನ ಅಜ್ಜನ ಕಾಲಕ್ಕೇ ಮುದಿಯಾಗಿದ್ದ ಮರಗಳು. ಇಬ್ಬರು ತಬ್ಬಿದರೂ ಕೈಗೆ ಕೈ ಸೇರದಷ್ಟು ಬುಡ. ಗಾಳಿ ಬರುವ ಕಡೆ ಮರವನ್ನು ಗೋಡೆ ಮಾಡಿಕೊಂಡು, ಅದರ ಮರೆಯಲ್ಲಿ ಬುಡಕ್ಕೇ ಹುಲ್ಲು ಒಟ್ಟಿ ಹಚ್ಚಿದರೆ ಕಿಡಿ ಹಾರುವುದಿಲ್ಲ. ಮಾಡಿ ನೋಡಿದೆ. ಒಂದು ಕಿಡಿ ಹಾರಲಿಲ್ಲ.

ಎಷ್ಟು ಹೆಮ್ಮೆಯಾಯಿತೆಂದರೆ ಬೇರೆ ಗ್ಯಾಂಗುಗಳನ್ನು ಕರೆಸಿ ತೋರಿಸಿದೆ. "ಮುಕಾದಮ ಪದ್ಧತಿ" ಎಂದೇ ಅದಕ್ಕೆ ಹೆಸರು ಬಿತ್ತು. ಹೊಸದಾಗಿ ಬಂದಿದ್ದ ಸಾಹೇಬರು (ಹುಮನಾಬಾದಿನವರಲ್ಲ, ಇವರು ಬೇರೆ) ಬೆನ್ನು ತಟ್ಟಿದರು. ಓದದವನ ತಲೆಯಲ್ಲಿ ಹುಟ್ಟಿದ ಪದ್ಧತಿಯನ್ನು ಓದಿದವರು ಮೆಚ್ಚಿದರಲ್ಲ ಎಂದು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ ನಾನು.

ಆಮೇಲಾಮೇಲೆ ಈ ಸಾಹೇಬರು ಜೀಪಿನಿಂದ ಇಳಿದು ಕೆಲವು ಮರಗಳನ್ನು ತೋರಿಸಿ ಹೇಳತೊಡಗಿದರು: "ಇದರ ಬುಡಕ್ಕ ಒಂದೀಟು ಜಾಸ್ತಿನೇ ಒಟ್ಟು ಶರಣಪ್ಪ. ಸುತ್ತಮುತ್ತ ಸ್ವಚ್ಛ ಆಗ್ಲಿ." ಯಾಕೆ ಈ ಮರ, ಯಾಕೆ ಆ ಮರವಲ್ಲ ಎಂದು ನಾನು ಕೇಳಲಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಅಂಥ ಒಂದೆರಡು ಮರಗಳ ಮೇಲೆ ಕೆಂಪು ಬಣ್ಣದ ಗೀಟು ಬೀಳುತ್ತಿತ್ತು. ಅಪಾಯಕಾರಿ ಮರ ಎಂದು ಅದರ ಅರ್ಥ. ಕಡಿದು ಒಯ್ಯಲು ಕಟ್ಟಿಗೆ ಅಡ್ಡೆಯ ಲಾರಿ ಬರುತ್ತಿತ್ತು. ಆಗಲೂ ಕೇಳಲಿಲ್ಲ. ಮುದಿಮರ, ಹೋಯಿತು ಅಂದುಕೊಂಡೆ. ಮಳೆಗಾಲದಲ್ಲಿ ಅದೇ ಜಾಗದ ಎದುರಿಗೆ ಸಾಹೇಬರು ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗುಂಡಿ ತೋಡುತ್ತಿದ್ದವನೂ ನಾನೇ.

ನನ್ನ ನೌಕರಿ ಮುಗಿಯಲು ಎರಡು ವರ್ಷ ಚಿಲ್ಲರೆ ಉಳಿದಿದ್ದಾಗ, ದಸರೆ ಕಳೆದ ಮೇಲೆ, ಅದೇ ಮುಡಬಿ ರಸ್ತೆಯ ಗುಂಡಿ ಮುಚ್ಚುತ್ತಿದ್ದೆವು. ಪ್ರೌಢಶಾಲೆಯ ಹತ್ತು ಹನ್ನೆರಡು ಮಕ್ಕಳು ಕುಡುಗೋಲು ಹಿಡಿದು ರಸ್ತೆ ಅಂಚಿಗೆ ಇಳಿದಿದ್ದರು. ಜೊತೆಗೆ ಅವರ ವಿಜ್ಞಾನದ ಟೀಚರ್, ಒಬ್ಬ ಹೆಣ್ಣುಮಗಳು. ಹುಲ್ಲು ಇನ್ನೂ ಅರ್ಧ ಹಸಿರಿತ್ತು. ಮಕ್ಕಳು ಮರದ ಬುಡದ ಸುತ್ತ ಎರಡು ಮಾರು ಜಾಗದ ಹುಲ್ಲು ಕೊಯ್ದು ನೆಲ ಕಾಣುವ ಹಾಗೆ ಕೆರೆಯುತ್ತಿದ್ದರು. ಕೊಯ್ದದ್ದನ್ನು ಹೊರೆ ಕಟ್ಟುತ್ತಿದ್ದರು.

ನಾನು ಕೂಗಿದೆ. "ಏ ಪೋರಗೋಳ, ಇದು ಸರ್ಕಾರಿ ಜಾಗ! ಯಾರನ್ನ ಕೇಳಿ ಇಳಿದೀರಿ?"

ಒಬ್ಬ ಹುಡುಗಿ ಎದ್ದು ನಿಂತಳು. ಸುಜಾತಾ. ಕೂಲಿಗೆ ಹೋಗುವವರ ಮಗಳು, ಆಗ ಎಂಟನೆಯ ಇಯತ್ತೆ. "ಬೆಂಕಿ ಬರಬಾರದಂತ ಕೆರಿಯಾಕತ್ತೇವ್ರಿ ಕಾಕಾ."

"ಬೆಂಕಿ ಹ್ಯಾಂಗ ಬರ್ತದ? ಹಚ್ಚವ್ರು ನಾವು!"

"ಅದಕ್ಕರಿ" ಅಂದಳು.

ನನ್ನ ಗ್ಯಾಂಗಿನ ಗೌಸ್ ಕಿಸಕ್ಕೆಂದು ನಕ್ಕ. ನನಗೆ ಮೈ ಉರಿಯಿತು. "ನಿಮ್ಮ ಟೀಚರಿಗೆ ಹೇಳು, ಜಂಗಲ್ ಕಟಿಂಗ್ ನಿಮ್ಮ ಪುಸ್ತಕದಾಗ ಇಲ್ಲಂತ!"

"ಇಲ್ರಿ ಕಾಕಾ. ಹುಣಸಿ ಸುಡೂದೂ ಇಲ್ರಿ."

ಟೀಚರ್ ಬಂದು ನಮಸ್ಕಾರ ಮಾಡಿ ವಿಷಯ ಹೇಳಿದರು. ಮಕ್ಕಳು ಬೇಸಿಗೆಯಲ್ಲಿ ಡಾಂಬರಿನ ಮೇಲೂ ಹುಣಸೆಯ ನೆರಳಲ್ಲೂ ಶಾಖ ಅಳೆದಿದ್ದಾರಂತೆ. ಯಾವ ಮರದಲ್ಲಿ ಯಾವ ಹಕ್ಕಿ, ಯಾವ ಪೊಟರೆಯಲ್ಲಿ ಗೂಬೆ, ರಸ್ತೆ ಅಂಚಿನಲ್ಲಿ ಎಷ್ಟು ಜಾತಿಯ ಹುಲ್ಲು ಎಂದು ವಹಿಯಲ್ಲಿ ಬರೆದಿದ್ದಾರಂತೆ. ಸುತ್ತಲ ಹೊಲದಲ್ಲೆಲ್ಲ ಸೋಯಾ, ತೊಗರಿ. ಊರ ಹಳೆಯ ಹುಲ್ಲುಗಳು ಉಳಿದಿರುವುದು ರಸ್ತೆಯ ಈ ಎರಡು ಅಂಚುಗಳಲ್ಲೇ ಅಂತೆ. ಭೂಮಿ ಬಿಸಿಯಾಗುತ್ತಿದೆ ಎಂದು ಭಾಷಣ ಮಾಡುವ ಬದಲು ಒಂದು ಸಾಲು ಮರ ಉಳಿಸೋಣ ಎಂದು ಮಕ್ಕಳೇ ತೀರ್ಮಾನಿಸಿದ್ದಾರಂತೆ. ನಾನು ಎಲ್ಲ ಕೇಳಿ, "ಮೂವತ್ತು ವರ್ಷ ರಸ್ತಾ ಮಾಡೀನಿ ಬಾಯಾರ, ನನಗ ಹುಲ್ಲ ಕೊಯ್ಯೂದು ಕಲಸಾಕ ಬಂದೀರಿ" ಎಂದು ಮುಖ ತಿರುಗಿಸಿದೆ.

ಮಾರ್ಚ್ ಬಂತು. ಕಡ್ಡಿಪೆಟ್ಟಿಗೆ ಹಿಡಿದು ಹೋದೆವು. ಸುಡಲು ಏನೂ ಇರಲಿಲ್ಲ! ಮಕ್ಕಳು ಪ್ರತಿ ಭಾನುವಾರ ಬಂದು ಮರಗಳ ಸುತ್ತ ಕೆರೆದಿದ್ದರು. ತಿರುವುಗಳಲ್ಲಿ ಎದುರಿನ ಗಾಡಿ ಕಾಣುವ ಹಾಗೆ ನುಣ್ಣಗೆ ಸವರಿದ್ದರು. ಉಳಿದ ಕಡೆ ಹುಲ್ಲು ಬೀಜ ಉದುರುವ ತನಕ ಬಿಟ್ಟು, ಆಮೇಲೆ ಕೊಯ್ದು ಕೊಟ್ಟಿದ್ದರು. ಮುಡಬಿಯ ಕುರಿಗಾರ ಮಾಳಪ್ಪ ಅದನ್ನೆಲ್ಲ ಹೊರೆ ಹೊರೆಯಾಗಿ ಹೊತ್ತು ಒಯ್ದಿದ್ದ. ದಾರಿಯಲ್ಲಿ ಸಿಕ್ಕವನು ನನ್ನನ್ನೇ ಕೆಣಕಿದ: "ಇಷ್ಟು ವರ್ಷ ನನ್ನ ಕುರಿ ಪಾಲು ಸುಡಾಕತ್ತಿದ್ದಿ ಅಲ್ಲೋ ಮುಕಾದಮ!"

ಗೌಸ್ ಬೇರೆ: "ಮುಕಾದಮ, ಪೋರಗೋಳು ನಮ್ಮ ನೌಕರಿನೇ ತಿಂದುಬಿಟ್ರು. ಇನ್ನ ಮ್ಯಾಲ ನೀ ಶಾಳಿಗಿ ಹೋಗು, ಅವ್ರು ಗ್ಯಾಂಗಿಗಿ ಬರ್ತಾರ."

ನಾನು ನಿಜವಾಗಿಯೂ ಶಾಲೆಗೆ ಹೋದೆ, ಜಗಳ ಮಾಡಲು. ಸರ್ಕಾರಿ ಕೆಲಸದಲ್ಲಿ ಕೈ ಹಾಕಿದರೆ ಏನಾಗುತ್ತದೆ ಗೊತ್ತೇ ಎಂದು ಕಟ್ಟೆಯ ಮೇಲೆ ನಿಂತು ಅರಚಿದೆ. ಸುಜಾತಾ ಹೊರಗೆ ಬಂದು, "ಒಂದ್ ಸಲ ಬಂದ್ ನೋಡ್ರಿ ಕಾಕಾ, ಆಮ್ಯಾಲ ಬೈರಿ" ಅಂದಳು. ಸಾಲಿನ ಮೂರನೆಯ ಮರಕ್ಕೆ ಕರೆದುಕೊಂಡು ಹೋದಳು. ಬುಡದಲ್ಲಿ ಮೊಣಕಾಲೆತ್ತರಕ್ಕೆ ಒಂದು ಪೊಟರೆ.

"ಕೈ ಹಾಕ್ರಿ."

ಮೋರಿಗೆ ಹಾಕಿದ ಹಾಗೆ ಮಂಡಿಯೂರಿ ತೋಳು ತೂರಿಸಿದೆ. ಬೆರಳಿಗೆ ಕಟ್ಟಿಗೆ ಸಿಗಲಿಲ್ಲ. ಇದ್ದಿಲು ಸಿಕ್ಕಿತು. ಇನ್ನೂ ಒಳಗೆ ಹೋದೆ, ಹೆಗಲಿನವರೆಗೆ. ಇದ್ದಿಲು, ಬೂದಿ, ಮತ್ತೆ ಇದ್ದಿಲು. ಮೇಲೆ ಹಸಿರಾಗಿದ್ದ ಮರದೊಳಗೆ ಒಂದು ಒಲೆಯಿತ್ತು. ಪ್ರತಿ ಮಾರ್ಚಿನಲ್ಲಿ ನಾನು ಹೊತ್ತಿಸಿದ ಒಲೆ. ತೋಳು ಹೊರಗೆಳೆದರೆ ಕಪ್ಪಗೆ ಮಸಿಯಾಗಿತ್ತು. ಅಂಗೈಯಲ್ಲಿ ಸಣ್ಣ ಸಣ್ಣ ಎಲುಬು. ಗೂಬೆಯ ಮರಿಗಳವು ಎಂದು ಸುಜಾತಾ ಹೇಳಿದಳು. ಮಾರ್ಚಿನಲ್ಲಿ ಅವುಗಳಿಗೆ ಇನ್ನೂ ಹಾರಲು ಬರುವುದಿಲ್ಲವಂತೆ.

ಮಕ್ಕಳು ನಗಬಹುದಿತ್ತು. ನಗಲಿಲ್ಲ. ಒಬ್ಬ ಹುಡುಗ ಬಾಟಲಿಯಿಂದ ನೀರು ಹಾಕಿದ, ಕೈ ತೊಳೆದುಕೊಂಡೆ.

ಆ ಹೊತ್ತು ನನಗೆ ಬಂದ ಸಿಟ್ಟು ಮಕ್ಕಳ ಮೇಲಲ್ಲ. ಒಂದೊಂದೇ ಮರ ನೋಡುತ್ತ ಹೋದೆ. ಸಾಹೇಬರು ಬೆರಳು ಮಾಡಿ "ಜಾಸ್ತಿ ಒಟ್ಟು" ಎಂದಿದ್ದ ಮರಗಳೆಲ್ಲ ನೆಟ್ಟಗಿನ, ದಪ್ಪನೆಯ, ಒಳ್ಳೆ ಕಟ್ಟಿಗೆಯ ಮರಗಳು. ಡೊಂಕು ಮರಕ್ಕೆ ಒಂದಕ್ಕೂ ಅವರು ಬೆರಳು ಮಾಡಿರಲಿಲ್ಲ. ಬದುಕಿದ ಮರವನ್ನು ಕಡಿಯಲು ಹತ್ತು ಕಡೆಯ ಅನುಮತಿ ಬೇಕು. ಬುಡ ಸುಟ್ಟು ಟೊಳ್ಳಾದ ಮರಕ್ಕೆ ಒಂದು ಕೆಂಪು ಗೀಟು ಸಾಕು. ನನ್ನ ಪದ್ಧತಿ ಅವರಿಗೆ ಯಾಕೆ ಅಷ್ಟು ಹಿಡಿಸಿತ್ತು ಎಂದು ಅವತ್ತು ತಿಳಿಯಿತು. ನನ್ನ ಬೆನ್ನು ತಟ್ಟಿದ ಕೈ ಅದು! ನೆನೆದರೆ ಇವತ್ತಿಗೂ ಬೆನ್ನು ಉಜ್ಜಿಕೊಳ್ಳಬೇಕು ಅನಿಸುತ್ತದೆ.

ಆ ವರ್ಷ ದೀಪಾವಳಿ ಮುಗಿದ ಕೂಡಲೇ ನಮ್ಮ ಗ್ಯಾಂಗ್ ಮಕ್ಕಳ ಜೊತೆ ಇಳಿಯಿತು. ಅವರೂ ಎಲ್ಲ ಬಲ್ಲವರಲ್ಲ. ಮರಕ್ಕೆ ನೀರು ನಿಲ್ಲಲಿ ಎಂದು ಬುಡದ ಸುತ್ತ ಪಾತಿ ತೋಡಿದ್ದರು. ಚೆನ್ನಾಗಿ ಬೈದೆ. "ರಸ್ತಾದ ಅಂಚಿಗಿ ನೀರು ನಿಂತ್ರ ಡಾಂಬರು ಕುಸಿತದ. ಡಾಂಬರು ಕುಸಿದ್ರ ಮರದ ಬ್ಯಾರಿನ ಮ್ಯಾಲ ತಪ್ಪು ಬರೀತಾರ. ಕಡಿಯಾಕ ಇನ್ನೊಂದು ನೆವ ಕೊಡ್ತೀರೇನು?" ಹೊಲದ ಕಡೆಗೆ ಇಳಿಜಾರು ಮಾಡಿ ನೀರು ಬೇರಿನ ತುದಿಗೆ ಹೋಗುವ ಹಾಗೆ ಕಾಲುವೆ ತೆಗೆಯುವುದು ಹೇಗೆ ಎಂದು ತೋರಿಸಿದೆ. ಪೊಟರೆಗೆ ಇಟ್ಟಿಗೆ ಸಿಮೆಂಟು ತುಂಬಲು ಹೊರಟಿದ್ದರು. "ಗೂಬಿ ಎಲ್ಲಿ ಹೋಗಬೇಕು, ನಿಮ್ಮ ಮನಿಗಿ?" ಅಂದೆ. ಸುಜಾತಾ ಅದನ್ನೂ ವಹಿಯಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಬರೆದುಕೊಂಡವರು ನನ್ನ ನೌಕರಿಯಲ್ಲಿ ಅವಳೊಬ್ಬಳೇ.

ಮುಂದಿನ ಮಾರ್ಚಿನಲ್ಲೂ ಬೆಂಕಿ ಹಚ್ಚಲಿಲ್ಲ. ಸಾಹೇಬರು ಜೀಪು ನಿಲ್ಲಿಸಿ ನೋಡಿದರು. "ಯಾಕ, ಈ ಸಲಾನೂ ಸುಟ್ಟಿಲ್ಲ?"

"ಹುಲ್ಲೇ ಇಲ್ರಿ ಸಾಹೇಬ್ರ."

ಜೀಪು ಮುಂದಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಒಂಬತ್ತು ಮರಗಳ ಮೇಲೆ ಕೆಂಪು ಗೀಟು. ಒಂದೇ ಸಲಕ್ಕೆ ಒಂಬತ್ತು! ಇನ್ನು ತಡಮಾಡಿದರೆ ಮರಗಳ ಗಾಯ ಮಾಯುತ್ತದೆ ಎಂದು ಸಾಹೇಬರಿಗೆ ಅವಸರ ಬಿದ್ದಿತ್ತು.

ಪಂಚನಾಮೆಯ ದಿನ ಮಕ್ಕಳು ಒಂದೊಂದು ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ಘೋಷಣೆಯಿಲ್ಲ, ಏನಿಲ್ಲ. ಪರೀಕ್ಷೆ ಮುಗಿದಿತ್ತು, ಸುಮ್ಮನೆ ನೆರಳಿಗೆ ಕುಳಿತ ಹಾಗೆ. ಸಾಹೇಬರು, ಅವರ ಗುಮಾಸ್ತ, ಕಟ್ಟಿಗೆ ಅಡ್ಡೆಯವ, ಊರಿನ ನಾಲ್ಕು ಜನ ಪಂಚರು. ಗುಮಾಸ್ತ ಮೊದಲೇ ಬರೆದು ತಂದಿದ್ದ ಕಾಗದವನ್ನು ಸಾಹೇಬರು ನನ್ನ ಮುಂದೆ ಹಿಡಿದರು. ಆ ಮೈಲಿಯ ಮುಕಾದಮನ ಹೇಳಿಕೆಯಿಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ.

"ಸಹಿ ಮಾಡು ಶರಣಪ್ಪ."

ನಾನು ಅದನ್ನು ಸುಜಾತಾಳ ಕೈಗೆ ಕೊಟ್ಟೆ. "ಜೋರಾಗಿ ಓದವ್ವ."

"ನಿನಗ ಓದಾಕ ಬರ್ತದಲ್ಲ?" ಅಂದರು ಸಾಹೇಬರು.

"ಬರ್ತದ್ರಿ. ಎಲ್ಲರಿಗೂ ಕೇಳ್ಲಿ ಅಂತ."

ಅವಳು ಓದಿದಳು. ಸದರಿ ಮರಗಳು ಮುಪ್ಪಿನಿಂದ ತಾವಾಗಿಯೇ ಟೊಳ್ಳಾಗಿ, ಒಣಗಿ, ಸಂಚಾರಕ್ಕೆ ಅಪಾಯಕಾರಿಯಾಗಿವೆ ಎಂಬುದನ್ನು ನಾನು ಬಲ್ಲೆನು, ಎಂದಿತ್ತು. ಮೇಲೆ ಗಿಳಿಗಳ ಗಲಾಟೆ. ಒಣಗಿದ ಮರದಲ್ಲಿ!

ಗುಮಾಸ್ತನ ಪೆನ್ನು ತೆಗೆದುಕೊಂಡು ಸಹಿಯ ಜಾಗದ ಮೇಲೆ ಬರೆದೆ. ನನ್ನ ಅಕ್ಷರ ದೊಡ್ಡವು, ನಿಧಾನ. "ಮುಪ್ಪಿನಿಂದ ಅಲ್ಲ. ಪ್ರತಿ ವರ್ಷ ಬುಡಕ್ಕೆ ಬೆಂಕಿ ಹಾಕಿ ನಾನು ಸುಟ್ಟಿದ್ದೇನೆ. ಇನ್ನೂ ಜೀವ ಇದೆ." ಕೆಳಗೆ ಹೆಸರು ಬರೆದೆ.

ಸಾಹೇಬರ ಮುಖ ಬಿಳಿಚಿತು. "ರಿಟೈರ್ ಆಗಾಕ ಎಂಟು ತಿಂಗಳ ಅದ, ತಲಿ ಕೆಟ್ಟದೇನು ನಿಂದು? ನಿನ್ನ ಮ್ಯಾಲ ನೀನೇ ಕೇಸ್ ಬರಕೊಳ್ಳಾಕತ್ತೀಯಲ್ಲ!"

ಅಷ್ಟರಲ್ಲಿ ಗೌಸ್ ಮುಂದೆ ಬಂದ. ಯಾವತ್ತೂ ಚೇಷ್ಟೆ ಮಾಡುವವನು ಅವತ್ತು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. "ಸಾಹೇಬ್ರ, ನಂದೂ ಬರಕೋರಿ. ಕಡ್ಡಿಪೆಟ್ಟಿಗಿ ನಂದಿತ್ತು."

ಪಂಚರಲ್ಲಿ ಒಬ್ಬರು, ಅಲ್ಲಿಯವರೆಗೆ ಬೀಡಿ ಸೇದುತ್ತ ದೂರ ನಿಂತಿದ್ದವರು, "ಹಂಗಿದ್ರ ನಾವೂ ಸಹಿ ಮಾಡೂದಿಲ್ರಿ" ಎಂದು ಹೊರಟೇಬಿಟ್ಟರು. ಅವರ ಹಿಂದೆ ಉಳಿದ ಮೂವರು. ಕಟ್ಟಿಗೆ ಅಡ್ಡೆಯವ ಮೊದಲೇ ಮೋಟರ್ ಸೈಕಲ್ ಹತ್ತಿದ್ದ.

ಆ ಕಾಗದ ಹಾಗೆಯೇ ಮುಂದೆ ಹೋಗುವಂತಿರಲಿಲ್ಲ, ಹರಿಯುವಂತೆಯೂ ಇರಲಿಲ್ಲ. ಅಷ್ಟು ಜನ ಕೇಳಿದ್ದರು. ಕಡೆಗೆ ಅರಣ್ಯದವರು ಬಂದು ಒಂದೊಂದು ಮರದ ತೊಗಟೆಯನ್ನು ಚಾಕುವಿನಿಂದ ಕೆರೆದು ನೋಡಿದರು. ಎರಡು ಮರ ನಿಜವಾಗಿ ಸತ್ತಿದ್ದವು. ಅವನ್ನು ಕಡಿದರು. ಕೊಂದವನು ನಾನೇ, ಬೇರೆ ಯಾರ ಹೆಸರನ್ನೂ ಅದಕ್ಕೆ ಅಡ್ಡ ತರುವುದಿಲ್ಲ. ಏಳು ಮರಗಳ ತೊಗಟೆಯ ಕೆಳಗೆ ಹಸಿರಿತ್ತು. ಅವು ನಿಂತಿವೆ. ಕೆಂಪು ಗೀಟಿನ ಮೇಲೆ ಹುಡುಗರು ಸುಣ್ಣ ಬಳಿದರು.

ಈಗ ಹೊಸಬರಿಗೆ ಒಂದು ಮಾತು. ನಿಮ್ಮ ಕೈಗೆ ಬೆಂಕಿಯ ಬದಲು ಹುಲ್ಲು ಒಣಗಿಸುವ ಔಷಧದ ಪಂಪು ಬಂದಿದೆ ಎಂದು ಕೇಳಿದ್ದೇನೆ. ಬೆನ್ನಿಗೆ ಹಾಕಿಕೊಳ್ಳುವ ಮೊದಲು, ಯಾಕೆ, ಇಲ್ಲೇ ಯಾಕೆ, ಯಾರು ಹೇಳಿದರು ಎಂದು ಕೇಳಿ. ನಮಗೆ ಹೇಳಿದ್ದಷ್ಟು ಮಾಡುತ್ತೇವೆ ಎನ್ನಬೇಡಿ. ನಾನೂ ಅದನ್ನೇ ಅನ್ನುತ್ತಿದ್ದೆ. ಶಾಲೆ ಕಲಿಯದವನು ಎಂಬ ನೆವವೂ ಬೇಡ; ಕೇಳಲು ಯಾವ ಇಯತ್ತೆಯೂ ಬೇಕಿಲ್ಲ.

ಪಂಚನಾಮೆಯಾದ ತಿಂಗಳೊಳಗೆ ನನಗೆ ನೋಟೀಸು ಬಂತು. ನನ್ನ ಇಡೀ ನೌಕರಿಯಲ್ಲಿ ಅದೊಂದೇ ನೋಟೀಸು. ಸರ್ಕಾರಿ ಮರಗಳಿಗೆ ಬೆಂಕಿ ಹಚ್ಚಿದ ನಿಮ್ಮ ಮೇಲೆ ಏಕೆ ಶಿಸ್ತುಕ್ರಮ ಕೈಗೊಳ್ಳಬಾರದು ಎಂದು ಕೇಳಿದ್ದರು. ಕೆಳಗಿನ ಸಹಿ ಯಾರದು ಅಂದಿರಿ? ಅದೇ ಸಾಹೇಬರದು! ಗೌಸ್ ಅದನ್ನು ಓದಿಸಿಕೊಂಡು, "ಮುಕಾದಮ, ಇವ್ರಿಗಿ ನಾಚಿಕಿ ಅನ್ನೂದು ಸ್ಟೋರಿನ್ಯಾಗ ಖಾಲಿ ಆಗ್ಯಾದ" ಅಂದ.

ಉತ್ತರವನ್ನು ಯಾರ ಕೈಯಲ್ಲೂ ಬರೆಸಲಿಲ್ಲ. ನಾನೇ ಬರೆದು, ನಾನೇ ಒಯ್ದು ಕೊಟ್ಟು, ಮುದ್ರೆ ಒತ್ತಿಸಿಕೊಂಡು ಬಂದೆ. "ಬೆಂಕಿ ಹಚ್ಚಿದ್ದು ನಿಜ. ಶಿಕ್ಷೆ ಕೊಡಿ. ಹಚ್ಚು ಎಂದು ಹೇಳಿದವರು ಯಾರು ಎಂದು ಇದರಲ್ಲಿ ಕೇಳಿಲ್ಲ. ಕೇಳಿದರೆ ಅದನ್ನೂ ಬರೆದುಕೊಡುತ್ತೇನೆ."

ಶಿಕ್ಷೆಯೂ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಸುಜಾತಾ ಈಗ ಬಸವಕಲ್ಯಾಣಕ್ಕೆ ಕಾಲೇಜಿಗೆ ಬರುತ್ತಾಳೆ. ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ, "ಕಾಕಾ, ಅವ್ರು ಕೇಳಿದ್ರೇನ್ರಿ?" ಅನ್ನುತ್ತಾಳೆ.

"ಇಲ್ಲವ್ವ, ಇನ್ನೂ ಕೇಳಿಲ್ಲ" ಅನ್ನುತ್ತೇನೆ.

ಕೇಳಲಿ. ನಾನು ಇನ್ನೂ ಗಟ್ಟಿಯಾಗಿದ್ದೇನೆ. ಹೆಸರೂ ಮರೆತಿಲ್ಲ.